ಮಣಿಬಳ್ಳಿಗೆ ನೀರು ಹಾಕಿದ್ದು ಯಾರು

ಕಟ್ಟಡದ ಕೆಲಸದಲ್ಲಿ ಕಂಬಿ ಕಟ್ಟುವವರಿಗೆ ಒಂದು ಹೆಸರಿದೆ, ಹಲಗೆ ಬಡಿಯುವವರಿಗೆ ಒಂದು ಹೆಸರಿದೆ, ಗಾರೆ ಮೆತ್ತುವವನಿಗಂತೂ ಮೇಸ್ತ್ರಿ ಎಂಬ ಮರ್ಯಾದೆಯೇ ಉಂಟು. ಇವರೆಲ್ಲ ಕೈಕಾಲು ತೊಳೆದುಕೊಂಡು ಹೊರಟ ಮೇಲೂ ಹಸಿ ಕಾಂಕ್ರೀಟಿನ ಮೇಲೆ ಪೈಪು ಹಿಡಿದು ನಿಲ್ಲುವವನು ಒಬ್ಬನಿರುತ್ತಾನೆ. ಅವನಿಗೆ ಮಾತ್ರ ಹೆಸರಿಲ್ಲ. ನೀರು ಹಾಕುವವನು ಎನ್ನುತ್ತಾರೆ, ಅಷ್ಟೇ. ಈ ಕಥೆಯ ಮನುಷ್ಯ ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದ. ಜೊತೆಯವರು ನೀರಣ್ಣ ಎಂದು ಕರೆದು ಕರೆದು, ಕೊನೆಗೆ ಹಾಜರಿ ಪುಸ್ತಕದಲ್ಲೂ ಹಾಗೇ ಬರೆದುಕೊಂಡರು. ಅವನಿಗೂ ಅದರಿಂದ ಬೇಜಾರೇನೂ ಆಗಲಿಲ್ಲ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದು ತಿಳಿದವರೇ ಹೆಚ್ಚು. ಅದು ಒಣಗಿದರೆ ಬಿರುಕು ಬಿಡುತ್ತದೆ. ದಿನಗಟ್ಟಲೆ ನೀರು ಕುಡಿದೇ ಅದು ಗಟ್ಟಿಯಾಗಬೇಕು. ತಾರಸಿಯ ಮೇಲೆ ಬೆರಳೆತ್ತರದ ಬದು ಕಟ್ಟಿ ನೀರು ನಿಲ್ಲಿಸಬೇಕು, ಕಂಬಗಳಿಗೆ ಗೋಣಿತಾಟು ಸುತ್ತಿ ತೊಯ್ಯಿಸುತ್ತಲೇ ಇರಬೇಕು. ಈ ಒಂದು ವಿಷಯವನ್ನು ನೀರಣ್ಣ ಅರೆದು ಕುಡಿದಿದ್ದ. ಅವನು ನೀರು ಹಾಕಿದ ಆಸ್ಪತ್ರೆ, ಎರಡು ಶಾಲೆ, ಒಂದು ಸೇತುವೆ ಇವತ್ತಿಗೂ ಕೂದಲೆಳೆಯಷ್ಟು ಬಿರುಕಿಲ್ಲದೆ ನಿಂತಿವೆ ಎಂದು ಅವನೇ ಹೇಳುತ್ತಿದ್ದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತಿದ್ದ. ಇಂಜಿನಿಯರು ಬಂದ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ ಅದೊಂದೇ: "ಏನಪ್ಪಾ, ನೀರು ತೋರಿಸಿದ್ಯಾ?" ನೀರು ತೋರಿಸುವುದೆಂದರೆ ಅಲ್ಲಿ ಕೆರೆಯಂತೆ ತುಂಬಿಸುವುದು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನೀರಣ್ಣನ ಮಾನ ಹೋದದ್ದು ಇದರಿಂದಲೇ.

ಮೊಣಕಾಲು ಕೈಕೊಟ್ಟ ಮೇಲೆ ಅವನು ಮನೆಯಲ್ಲಿ ಕೂತ. ಮೂರನೇ ಮಹಡಿಯ ಮನೆ. ಎರಡು ಕೋಣೆ, ಒಂದು ಉದ್ದನೆಯ ಅಡುಗೆಮನೆ, ಬೆಳಗಿನ ಬಿಸಿಲು ಬೀಳುವ ಒಂದು ಕಿಟಕಿ. ಮಗ ಲಿಫ್ಟ್ ರಿಪೇರಿ ಮಾಡುವವನು. ಬೆಳಕು ಹರಿಯುವ ಹೊತ್ತಿಗೆ ಯಾವುದಾದರೂ ಕಟ್ಟಡದಲ್ಲಿ ಯಾರಾದರೂ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿರುತ್ತಿದ್ದರು, ಹೊರಟುಬಿಡುತ್ತಿದ್ದ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿದ್ದಳು. ಉಳಿದವರು ನೀರಣ್ಣ ಮತ್ತು ಅವನ ಹೆಂಡತಿ.

ಹೆಂಡತಿ ಇಪ್ಪತ್ತೆರಡು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕಿಂಗ್ ವಿಭಾಗದಲ್ಲಿದ್ದವಳು. ಹೊಲಿದು ಬಂದ ಅಂಗಿಯನ್ನು ಒಮ್ಮೆ ಕೊಡವಿ ತಿರುಗಿಸಿದರೆ ಸಾಕು, ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ದಾರ ಇಣುಕುತ್ತಿದೆ ಎಂದು ಅವಳ ಕಣ್ಣಿಗೆ ಬಿದ್ದುಬಿಡುತ್ತಿತ್ತು. ಅವಳ ಮೇಜು ದಾಟಿದ ಅಂಗಿ ವಾಪಸು ಬಂದ ಉದಾಹರಣೆಯೇ ಇಲ್ಲ. ಅಂಥವಳಿಗೆ ಐವತ್ತೆಂಟು ತುಂಬುವ ಹೊತ್ತಿಗೆ ಮರೆವು ಅಂಟಿಕೊಂಡಿತು. ಮೊದಲು ಕೀಲಿಕೈ, ಆಮೇಲೆ ಒಲೆಯ ಮೇಲಿನ ಹಾಲು, ಆಮೇಲೆ ಸ್ವಂತ ತಂಗಿಯ ಮನೆಯ ದಾರಿ. ಡಾಕ್ಟರು ಪರೀಕ್ಷೆ ಮಾಡಿ, ಈಗಷ್ಟೇ ಶುರು, ನಿಧಾನಕ್ಕೆ ಹೋಗುತ್ತದೆ, ಮಾತ್ರೆ ತಪ್ಪಿಸಬೇಡಿ ಎಂದಿದ್ದರು.

ಅವಳು ಅತ್ತುಕೊಂಡು ಕೂರುವ ಪೈಕಿಯಲ್ಲ. ಅಡುಗೆಮನೆಯ ಗೋಡೆಗೆ ದೊಡ್ಡ ಕ್ಯಾಲೆಂಡರು ತಗುಲಿಹಾಕಿ ಅದಕ್ಕೊಂದು ಪೆನ್ಸಿಲು ಕಟ್ಟಿದಳು. ಮಾತ್ರೆ ನುಂಗಿದರೆ ಒಂದು ಗೀಟು. ಗ್ಯಾಸು ಆರಿಸಿದರೆ ಒಂದು ಚುಕ್ಕೆ. ನಲ್ಲಿ ನಿಲ್ಲಿಸಿದರೆ ಒಂದು ಸೊನ್ನೆ. ಕಾರ್ಖಾನೆಯಲ್ಲಿ ಅಂಗಿಯ ಚೀಟಿಯ ಮೇಲೆ ಹಾಕುತ್ತಿದ್ದ ಗುರುತುಗಳೇ ಅವು. "ನನ್ನ ತಲೆ ಮರೀಬಹುದು, ನನ್ನ ಕೈ ಸುಳ್ಳು ಬರೆಯಲ್ಲ," ಎನ್ನುತ್ತಿದ್ದಳು. ಅನುಮಾನ ಬಂದಾಗಲೆಲ್ಲ ಹೋಗಿ ಕ್ಯಾಲೆಂಡರು ನೋಡುತ್ತಿದ್ದಳು. ಚುಕ್ಕೆ ಇದ್ದರೆ ನಿರಾಳವಾಗಿ ಬಂದು ಕೂರುತ್ತಿದ್ದಳು. ಆ ಪೆನ್ಸಿಲಿನ ಬಲದಲ್ಲಿ ಒಬ್ಬಳೇ ಅಡುಗೆ ಮಾಡುತ್ತಿದ್ದಳು, ಒಬ್ಬಳೇ ಕೆಳಗಿಳಿದು ತರಕಾರಿ ತರುತ್ತಿದ್ದಳು.

ಇನ್ನು ಮಣಿಬಳ್ಳಿಯ ವಿಚಾರ. ಸೊಸೆ ಮದುವೆಯಾಗಿ ಬರುವಾಗ ತಂದದ್ದು ಎರಡು ಪೆಟ್ಟಿಗೆ ಮತ್ತು ಮಡಿಲಲ್ಲಿಟ್ಟುಕೊಂಡ ಒಂದು ಕುಂಡ. ಅವಳನ್ನು ಸಾಕಿದ ಅಜ್ಜಿ ಬೆಳೆಸಿದ ಬಳ್ಳಿ. ಅಜ್ಜಿ ತೀರಿಕೊಂಡಿದ್ದಳು, ಅಜ್ಜಿ ಇದ್ದ ಕಟ್ಟಡವನ್ನೂ ಕೆಡವಿದ್ದರು. ಆ ಕಡೆಯದೆಂದು ಉಳಿದಿದ್ದು ಇದೊಂದೇ. ಹಸಿ ಬಟಾಣಿ ಕಾಳನ್ನು ದಾರಕ್ಕೆ ಪೋಣಿಸಿ ಇಳಿಬಿಟ್ಟ ಹಾಗೆ ಕಾಣುತ್ತಿತ್ತು. ಎಲೆ ಎಂದರೆ ಆ ಕಾಳುಗಳೇ. ಒಂದೊಂದು ಕಾಳಿನ ಮೇಲೂ ಉಗುರಿನ ಗೀರಿನಷ್ಟು ತೆಳ್ಳನೆಯ ಗೆರೆ. ಅದರ ಮೂಲಕ ಬೆಳಕು ಒಳಗೆ ಹೋಗುತ್ತದೆ ಎಂದು ಸೊಸೆ ಹೇಳುತ್ತಿದ್ದಳು. ಗಾಜಿನ ಕೆಲಸದವಳಲ್ಲವೇ, ಅವಳಿಗೆ ಅದರ ಮೇಲೆ ವಿಶೇಷ ಅಕ್ಕರೆ. ಕಿಟಕಿಯ ಕೊಕ್ಕೆಗೆ ತೂಗುಹಾಕಿದ ಬಳ್ಳಿ ಆರು ವರ್ಷದಲ್ಲಿ ಇಳಿದು ಇಳಿದು ನೆಲಕ್ಕೆ ಒಂದು ಗೇಣು ಉಳಿದಿತ್ತು.

ಅದರ ಆರೈಕೆ ಎಂದರೆ ಹೆಚ್ಚಾಗಿ ಏನೂ ಮಾಡದೆ ಇರುವುದು. ಕುಂಡದಲ್ಲಿ ಮಣ್ಣಿಗಿಂತ ಮರಳು, ಇಟ್ಟಿಗೆ ಚೂರು ಜಾಸ್ತಿ. ಕಾಳು ಬಿಗಿಯಾಗಿದ್ದರೆ ಹೊಟ್ಟೆ ತುಂಬಿದೆ ಎಂದರ್ಥ, ಮುಟ್ಟಬಾರದು. ಸ್ವಲ್ಪ ಸುಕ್ಕು ಬಿದ್ದ ಮೇಲೆ ಕುಂಡವನ್ನು ನೀರಿನ ಬೋಗುಣಿಯಲ್ಲಿ ಒಂದೈದು ನಿಮಿಷ ಇಟ್ಟು ಎತ್ತಿಬಿಡಬೇಕು. ಎರಡು ವಾರಕ್ಕೊಮ್ಮೆ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ. ನೀರಣ್ಣನಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಗಿಡವನ್ನ ಉಪವಾಸ ಕೆಡವಿ ಸಾಕುತ್ತೀಯಲ್ಲಮ್ಮ, ಇಷ್ಟು ಜಿಪುಣತನ ಎಲ್ಲಿ ಕಲಿತೆ ಎಂದು ಊಟದ ಹೊತ್ತಿನಲ್ಲಿ ಕಾಲೆಳೆಯುತ್ತಿದ್ದ. ಸೊಸೆ ನಗುತ್ತಿದ್ದಳು. ನಮ್ಮ ಮಾವನ ಕೈಗೆ ಕೊಟ್ಟರೆ ಇದರ ಮೇಲೆ ಎರಡು ಮಹಡಿ ಕಟ್ಟಬಹುದು ಎನ್ನುತ್ತಿದ್ದಳು.

ಅಂಗಡಿಗೆ ಹೊಸ ಯಂತ್ರ ಬಂತು. ಅದನ್ನು ಕಲಿಯಲು ಸೊಸೆಯನ್ನು ಐದು ವಾರ ಬೇರೆ ಊರಿಗೆ ಕಳುಹಿಸಿದರು. ಹೊರಡುವ ದಿನ ಬಳ್ಳಿಯನ್ನು ಗಂಡನಿಗೆ ಒಪ್ಪಿಸಲಿಲ್ಲ, ಅವನಿಗೆ ಗಿಡ ಯಾವುದು ಗೋಡೆ ಯಾವುದು ಎಂದೂ ಕಾಣುವುದಿಲ್ಲ. ಅತ್ತೆಗೂ ಒಪ್ಪಿಸಲಿಲ್ಲ. ಮಾವನ ಮುಂದೆ ಬಂದು ನಿಂತಳು. "ಮಾವ, ನಿಮ್ಮನ್ನೇ ನಂಬ್ಕೊಂಡಿದ್ದೀನಿ. ಎರಡು ವಾರ ಬಿಟ್ಟು ಒಂಚೂರು ನೀರು ತೋರಿಸಿ, ಸಾಕು."

ನೀರಣ್ಣನ ಕಿವಿಗೆ ಎರಡು ವಾರವೂ ಬೀಳಲಿಲ್ಲ, ಒಂಚೂರೂ ಬೀಳಲಿಲ್ಲ. ಬಿದ್ದದ್ದು ನೀರು ತೋರಿಸಿ ಎಂಬುದೊಂದೇ. ಆ ಮಾತು ಅವನ ಕಿವಿಗೆ ಬಿದ್ದು ಎರಡು ವರ್ಷವಾಗಿತ್ತು. ನಿಜ ಹೇಳಬೇಕೆಂದರೆ ಎರಡು ವಾರ ಎಂದದ್ದು ಅವನಿಗೆ ಆಮೇಲೆ ನೆನಪಾಯಿತು; ಚಿಕ್ಕ ಹುಡುಗಿ, ಅವಳಿಗೇನು ಗೊತ್ತು, ನಾನು ತೋರಿಸುತ್ತೇನೆ ಬಳ್ಳಿ ಬೆಳೆಯುವುದೆಂದರೆ ಹೇಗೆ ಅಂತ, ಎಂದು ಪಕ್ಕಕ್ಕೆ ತಳ್ಳಿದ. ಅದು ಪದದ ತಪ್ಪು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಪದದ ತಪ್ಪು ಅರ್ಧ, ಜಂಬದ ತಪ್ಪು ಅರ್ಧ.

ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಮೊದಲ ವಾರ ಕಾಳುಗಳು ಉಬ್ಬಿ ಫಳಫಳ ಹೊಳೆದವು. ನೀರಣ್ಣ ತನ್ನ ಬೆನ್ನು ತಾನೇ ತಟ್ಟಿಕೊಂಡ. ಎರಡನೇ ವಾರ ಕೆಲವು ಕಾಳು ಸೀಳಿಕೊಂಡವು. ಬೆಳೆಯುವ ಮಕ್ಕಳ ಅಂಗಿ ಹರಿಯುವುದಿಲ್ಲವೇ ಎಂದುಕೊಂಡ. ಹೆಂಡತಿ ಒಂದು ಬೆಳಿಗ್ಗೆ ಅವನ ಚೊಂಬು ನೋಡಿ, "ರೀ, ಅವಳು ದಿನಾ ಬೇಡ ಅಂದಿದ್ದಳಲ್ವಾ?" ಎಂದಳು. ನೀರಣ್ಣ ತಿರುಗಿಯೂ ನೋಡದೆ, "ನಿನಗೆಲ್ಲಿ ನೆನಪಿರುತ್ತೆ, ಸುಮ್ನಿರು," ಎಂದ. ಅವಳು ಹೌದೇನೋ ಎಂದು ಸುಮ್ಮನಾದಳು. ಆ ಮನೆಯಲ್ಲಿ ಸೊಸೆಯ ಮಾತನ್ನು ಸರಿಯಾಗಿ ನೆನಪಿಟ್ಟುಕೊಂಡವಳು ಅವಳೊಬ್ಬಳೇ.

ಮೂರನೇ ವಾರ ಕಾಳುಗಳು ಸುಕ್ಕುಗಟ್ಟಿದವು. ಬೇರು ಕೊಳೆತರೆ ಗಿಡ ನೀರು ಎಳೆಯಲಾರದೆ ಬಾಡುತ್ತದೆ. ನೋಡುವವರಿಗೆ ಬಾಯಾರಿದ ಹಾಗೇ ಕಾಣುತ್ತದೆ. ನೀರಣ್ಣನಿಗೆ ಬಾಯಾರಿಕೆಯ ಒಂದೇ ಮದ್ದು ಗೊತ್ತಿತ್ತು. ಎರಡು ಚೊಂಬು ನಾಲ್ಕಾಯಿತು. ಅದೂ ಸಾಲದೆಂದು ಗೋಣಿತಾಟಿನ ತುಂಡೊಂದನ್ನು ಹುಡುಕಿ ತೊಯ್ಯಿಸಿ, ಕಂಬಕ್ಕೆ ಸುತ್ತುವಂತೆ ಕುಂಡಕ್ಕೆ ಸುತ್ತಿ, ಹುರಿಯಿಂದ ಬಿಗಿದು ಕಟ್ಟಿದ. ಸೊಸೆ ಫೋನು ಮಾಡಿ ಕೇಳಿದಾಗಲೆಲ್ಲ ಬಳ್ಳಿ ಜೋರಾಗಿದೆಯಮ್ಮ ಎನ್ನುತ್ತಿದ್ದ. ನಾಲ್ಕನೇ ವಾರದ ಕೊನೆಗೆ ಗೋಣಿ ಬಿಚ್ಚಿದ. ಕಾಳುಗಳು ಬೇಯಿಸಿದ ದ್ರಾಕ್ಷಿಯಂತೆ ಕೈಗೆ ಅಂಟಿದವು. ಎಳೆಗಳು ಬುಡದಿಂದ ಕಳಚಿ ಒಂದೊಂದಾಗಿ ನೆಲಕ್ಕೆ ಬಿದ್ದವು. ಕುಂಡದಿಂದ ಹೊರಟ ವಾಸನೆ ಅವನಿಗೆ ಗೊತ್ತಿದ್ದದ್ದೇ. ಮಳೆಗಾಲದಲ್ಲಿ ಮುಳುಗಿದ ಪಾಯದ ಗುಂಡಿಯಿಂದ ಬರುವ ವಾಸನೆ.

ಬಿದ್ದ ಎಳೆಗಳನ್ನೆಲ್ಲ ಬಾಚಿ ಕುಂಡಕ್ಕೇ ತುಂಬಿ ಬಚ್ಚಲ ಮೂಲೆಯಲ್ಲಿ ಬಕೆಟಿನ ಹಿಂದೆ ಇಟ್ಟ. ಸೊಸೆ ಬಂದ ಕೂಡಲೇ ಹೇಳಿಬಿಡಬೇಕು, ಕೈಮುಗಿದು ಹೇಳಿಬಿಡಬೇಕು ಎಂದು ಆ ಏಳು ದಿನ ಮನಸ್ಸಿನಲ್ಲೇ ಮಾತು ಜೋಡಿಸಿದ. ನಾನು ಕೊಂದೆನಮ್ಮ ಎಂದು ಒಮ್ಮೆ, ನನ್ನ ಕೈ ಮೀರಿತಮ್ಮ ಎಂದು ಒಮ್ಮೆ.

ಸೊಸೆ ಮಧ್ಯಾಹ್ನ ಬಂದಳು. ಚೀಲ ಇಳಿಸಿ ಚಪ್ಪಲಿಯನ್ನೂ ಬಿಡದೆ ನೇರವಾಗಿ ಕಿಟಕಿಯ ಹತ್ತಿರ ಹೋಗಿ ಬರಿಯ ಕೊಕ್ಕೆಯ ಕೆಳಗೆ ನಿಂತಳು. ನೀರಣ್ಣ ಬಚ್ಚಲಿನಿಂದ ಕುಂಡ ತಂದು ನೆಲದ ಮೇಲಿಟ್ಟ. ಅವಳು ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಬೆರಳು ಹಾಕಿದಳು, ಬೆರಳನ್ನು ಮೂಸಿ ನೋಡಿದಳು. ಕೂಗಲಿಲ್ಲ, ಬಯ್ಯಲಿಲ್ಲ. ತಲೆ ಎತ್ತಿ ಅವನನ್ನೇ ನೋಡುತ್ತ, "ಮಾವ, ಇದಕ್ಕೆ ಇಷ್ಟು ನೀರು ಹಾಕಿದ್ದು ಯಾರು?" ಎಂದಳು.

ಯಾರು ಎಂದು ಕೇಳಿದ್ದೇ ಎಡವಟ್ಟಾಯಿತು. ಯಾಕೆ ಎಂದು ಕೇಳಿದ್ದರೆ ಅವನು ಒಪ್ಪಿಕೊಳ್ಳುತ್ತಿದ್ದನೋ ಏನೋ. ಯಾರು ಎಂದರೆ ಅವಳಿಗೆ ಅವನ ಮೇಲೆ ಅನುಮಾನವೇ ಇಲ್ಲ. ಇಂಥ ತಪ್ಪು ನೀರಣ್ಣನ ಕೈಯಿಂದ ಆಗುವುದು ಸಾಧ್ಯವೇ ಇಲ್ಲ ಎಂಬ ನಂಬಿಕೆ ಆ ಕಣ್ಣಲ್ಲಿತ್ತು. ಆ ನಂಬಿಕೆಯನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಏಳು ದಿನ ಜೋಡಿಸಿದ ಮಾತು ಒಂದೂ ಬಾಯಿಗೆ ಬರಲಿಲ್ಲ. ಅವನ ದನಿ ತಾನಾಗಿ ತಗ್ಗಿತು. "ನಿಮ್ಮತ್ತೆ ವಿಷಯ ಗೊತ್ತಲ್ಲಮ್ಮ. ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕಿರಬೇಕು. ನಾನೂ ಗಮನಿಸಲಿಲ್ಲ."

ಸೊಸೆಯ ಮುಖ ಒಂದೇ ಕ್ಷಣದಲ್ಲಿ ಮೆತ್ತಗಾಯಿತು. ಪಾಪ, ಹೋಗಲಿ ಬಿಡಿ ಎಂದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಕುಂಡ ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋಗಿ ಕ್ಯಾಲೆಂಡರಿನ ಹಾಳೆ ತಿರುವಿ ಐದು ವಾರಗಳ ಚೌಕಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ನೋಡಿದಳು. ಗೀಟು, ಚುಕ್ಕೆ, ಸೊನ್ನೆ. ಗಿಡಕ್ಕೆ ನೀರು ಹಾಕಿದ ಗುರುತು ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಅವಳು ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಗುರುತೇ ಹಾಕಿಲ್ಲ ಕಣಮ್ಮ," ಎಂದಳು ಸೊಸೆಗೆ. "ಹಾಕೋದನ್ನೂ ಮರೆತಿದ್ದೀನಿ ಅಂದ್ರೆ ಇನ್ನೇನು ಉಳೀತು. ತಪ್ಪಾಯ್ತಮ್ಮ, ನಿಮ್ಮಜ್ಜಿ ಗಿಡ." ಸೊಸೆ ಅವಳನ್ನು ತಬ್ಬಿಕೊಂಡಳು. ನೀರಣ್ಣ ಬಾಗಿದ ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಅದು ಮೂರನೇ ಮಹಡಿ, ಕೆಳಗೆ ಇನ್ನೆರಡು ಮನೆಗಳಿದ್ದವು.

ಸೊಸೆ ಅಂದು ಸಂಜೆ ಕೊಳೆತ ರಾಶಿಯನ್ನು ಕೆದಕಿ, ತುದಿಯಲ್ಲಿ ಇನ್ನೂ ಹಸಿರಿದ್ದ ಗೇಣುದ್ದದ ಮೂರು ಎಳೆಗಳನ್ನು ಕತ್ತರಿಸಿ ತೆಗೆದಳು. ಎರಡು ದಿನ ಅವನ್ನು ಹಾಗೇ ಕಾಗದದ ಮೇಲೆ ಗಾಯ ಒಣಗಲು ಬಿಟ್ಟು, ಚಪ್ಪಟೆ ಡಬ್ಬಿಯೊಂದರ ತಳಕ್ಕೆ ತೂತು ಕೊರೆದು, ಒಣ ಮರಳು ತುಂಬಿ, ಎಳೆಗಳನ್ನು ಸುರುಳಿ ಸುತ್ತಿ ಅದರ ಮೇಲೆ ಮಲಗಿಸಿದಳು. ಬದುಕಿದರೆ ಬದುಕಿತು ಎಂದಳು. ಹತ್ತು ದಿನ ಹನಿ ನೀರೂ ಬೇಡ ಎಂದು ಮನೆಯವರಿಗೆಲ್ಲ ಹೇಳಿದಳು, ಹೇಳುವಾಗ ಅತ್ತೆಯ ಕಡೆ ನೋಡದಿರಲು ಬಹಳ ಕಷ್ಟಪಟ್ಟಳು. ಅತ್ತೆ ಅದನ್ನೂ ಗಮನಿಸಿದಳು.

ಆ ಮನೆಯಲ್ಲಿ ಆಮೇಲೆ ನಡೆದದ್ದೆಲ್ಲ ಒಳ್ಳೆಯ ಮನಸ್ಸಿನಿಂದಲೇ ನಡೆಯಿತು. ನಾಳೆ ಗ್ಯಾಸು ಬಿಟ್ಟು ಮರೆತರೆ ಗತಿ ಏನು ಎಂದು ಮಗ ಸಿಲಿಂಡರಿನ ಸುತ್ತ ಬೀಗ ಹಾಕುವ ಪೆಟ್ಟಿಗೆಯೊಂದನ್ನು ಕೂರಿಸಿದ. ಅಮ್ಮ ಒಬ್ಬಳೇ ಕೆಳಗೆ ಹೋಗುವುದು ಬೇಡ ಎಂದ. ಹೆಂಡತಿ ಯಾವುದಕ್ಕೂ ಎದುರು ಆಡಲಿಲ್ಲ. ಮೊದಲಾಗಿದ್ದರೆ ಕ್ಯಾಲೆಂಡರು ತೋರಿಸಿ ಮಗನ ಬಾಯಿ ಮುಚ್ಚಿಸುತ್ತಿದ್ದಳು. ಈಗ ಪೆನ್ಸಿಲು ಮುಟ್ಟುವುದನ್ನೇ ಬಿಟ್ಟಳು. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ತರಕಾರಿ ಹೆಚ್ಚಲು ಕೂತವಳು ಚಾಕು ಹಿಡಿದು, ಇದನ್ನು ತೊಳೆದಿದ್ದೀನಾ ಎಂದು ಗಂಡನ ಮುಖ ನೋಡುತ್ತಿದ್ದಳು. ಬಾಯಿಗೆ ಬೀಗ ಹಾಕಿಕೊಂಡಿದ್ದ ಗಂಡ ತೊಳೆದಿದ್ದೀಯ ಎಂದಷ್ಟೇ ಹೇಳುತ್ತಿದ್ದ.

ಹೇಳಲು ಅವನಿಗೆ ದಿನಕ್ಕೊಂದು ಅವಕಾಶ ಸಿಗುತ್ತಿತ್ತು, ದಿನಕ್ಕೊಂದು ನೆಪವೂ ಸಿಗುತ್ತಿತ್ತು. ಇವತ್ತು ಮಗನಿಗೆ ದಣಿವಾಗಿದೆ, ಇವತ್ತು ಸೊಸೆ ನಗುತ್ತಿದ್ದಾಳೆ, ಯಾಕೆ ಕೆಡಿಸಲಿ. ಒಳಗೊಳಗೇ ಅವನಿಗೆ ಇನ್ನೊಂದು ಲೆಕ್ಕಾಚಾರವಿತ್ತು, ಅದನ್ನು ತನಗೂ ಪೂರ್ತಿ ಬಿಚ್ಚಿ ಹೇಳಿಕೊಂಡಿರಲಿಲ್ಲ.

ಡಾಕ್ಟರ ಹತ್ತಿರ ಹೋಗುವ ದಿನ ಬಂತು. ಬಿಳಿ ಪರದೆಯ ಚಿಕ್ಕ ಕೋಣೆ, ಮೂರು ಕುರ್ಚಿ. ಹೆಂಡತಿ ನಡುವೆ, ಸೊಸೆ ಒಂದು ಪಕ್ಕ, ನೀರಣ್ಣ ಒಂದು ಪಕ್ಕ. ಈಚೆಗೆ ಹೊಸದಾಗಿ ಏನಾದರೂ ಕಂಡಿತೇ ಎಂದು ಡಾಕ್ಟರು ಕೇಳಿದರು. ಸೊಸೆ ಸುಳ್ಳು ಹೇಳುವವಳಲ್ಲ. ಗಿಡದ ವಿಷಯ ಹೇಳಿದಳು. ವಾರಗಟ್ಟಲೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದ್ದು, ಒಂದು ಸಲವೂ ನೆನಪಿಲ್ಲದ್ದು. ಡಾಕ್ಟರು ಹುಬ್ಬು ಗಂಟಿಕ್ಕಿ ಪೆನ್ನು ತೆಗೆದರು. ನೀವೇ ಹಾಕಿದ್ದಾ ಎಂದು ಹೆಂಡತಿಯನ್ನು ಕೇಳಿದರು. ಅವಳು ಶಾಲೆಯಲ್ಲಿ ಎದ್ದು ನಿಂತ ಮಗುವಿನಂತೆ ಕೈ ಕಟ್ಟಿಕೊಂಡು, ಹೌದು, ನಾನೇ ಎಂದಳು. ಡಾಕ್ಟರು ಬರೆದುಕೊಂಡರು. ನೀರಣ್ಣನ ಸುಳ್ಳು ಅವನ ಕಣ್ಣೆದುರಿಗೇ ಫೈಲಿಗೆ ಹೋಯಿತು. ಡಾಕ್ಟರು ಮಾತ್ರೆಯನ್ನು ಹೆಚ್ಚಿಸಿ ಬರೆದುಕೊಟ್ಟರು.

ಹೊಸ ಮಾತ್ರೆ ಅವಳನ್ನು ಮಂಕು ಮಾಡಿತು. ಮೂರನೇ ದಿನ ಬೆಳಿಗ್ಗೆ ಅವಳು ಮಂಚದ ಅಂಚಿನಲ್ಲಿ ಕೂತು ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ಸಾವಿರಾರು ಅಂಗಿಗಳ ಗುಂಡಿ ಎಣಿಸಿದ ಬೆರಳುಗಳು ಕಾಜವನ್ನೇ ಕಾಣದೆ ತಡಕಾಡುತ್ತಿದ್ದವು. ನೀರಣ್ಣ ಹೋಗಿ ಗುಂಡಿ ಹಾಕಿದ. ಅವಳು ನಿದ್ದೆಗಣ್ಣಲ್ಲಿ ನಕ್ಕು, "ನೀವೊಬ್ಬರು ಇದ್ದೀರಲ್ಲ, ಅಷ್ಟು ಸಾಕು," ಎಂದಳು. ನೀರಣ್ಣನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವಳು ಎರಡು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದ.

ಅಡುಗೆಮನೆಯಲ್ಲಿ ಸೊಸೆ ಊಟದ ಡಬ್ಬಿ ಕಟ್ಟುತ್ತಿದ್ದಳು. ನೀರಣ್ಣ ಗೋಡೆ ಹಿಡಿದು ನಿಂತು ಹೇಳಿದ. ಚೊಂಬಿನಿಂದ ಹಿಡಿದು ಗೋಣಿತಾಟಿನವರೆಗೆ ಒಂದನ್ನೂ ಬಿಡದೆ ಹೇಳಿದ; ಹೆಂಡತಿ ಬೇಡವೆಂದು ಎಚ್ಚರಿಸಿದ್ದನ್ನೂ ಹೇಳಿದ. ಸೊಸೆಯ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತುಬಿಟ್ಟಿತು. ಆಮೇಲೆ ಫೋನು ತೆಗೆದು ಡಾಕ್ಟರ ಕೋಣೆಗೆ ಮಾಡಿ, ಅತ್ತೆಯ ಬಗ್ಗೆ ನಾವು ಹೇಳಿದ ಒಂದು ವಿಷಯ ತಪ್ಪು, ಫೈಲಿನಿಂದ ತೆಗೆಯಬೇಕು, ಮಾತ್ರೆಯ ಬಗ್ಗೆ ಮತ್ತೆ ಕೇಳಬೇಕು ಎಂದಳು. ಯಾರ ತಪ್ಪು ಎಂದು ಆ ಕಡೆಯವರು ಕೇಳಿರಬೇಕು. ಸೊಸೆ ಮಾವನ ಮುಖ ನೋಡಿ, "ಮನೆಮಂದಿಯದು," ಎಂದು ಫೋನಿಟ್ಟಳು.

"ಗಿಡ ಹೋದ್ರೆ ಹೋಯ್ತು ಮಾವ," ಎಂದಳು ಆಮೇಲೆ. "ಅತ್ತೆ ನನ್ನ ಹತ್ರ ಎಷ್ಟು ಸಲ ತಪ್ಪಾಯ್ತು ಅಂದ್ರು ಗೊತ್ತಾ? ನೀವು ಪಕ್ಕದಲ್ಲೇ ಕೂತಿರ್ತಿದ್ರಿ." ಸೊಸೆ ಡಬ್ಬಿ ಎತ್ತಿಕೊಂಡು ಹೊರಟಳು. ಹೊರಡುವ ಮುಂಚೆ ಇವತ್ತೇ ಅತ್ತೆಗೆ ಹೇಳಬೇಕು, ಸಂಜೆ ನಾನು ಬರುವಷ್ಟರಲ್ಲಿ ಹೇಳಿರಬೇಕು ಎಂದಳು. ಮಾವ ಎನ್ನುವ ಅವಳ ದನಿಯಲ್ಲಿ ಯಾವತ್ತಿನ ಸಲಿಗೆ ಇರಲಿಲ್ಲ, ಮತ್ತೆ ಅದು ಬರಲು ಬಹಳ ತಿಂಗಳು ಹಿಡಿಯಿತು.

ಹೇಳಿದ. ಮಧ್ಯಾಹ್ನ, ಅವಳು ಸ್ವಲ್ಪ ಎಚ್ಚರವಾಗಿದ್ದ ಹೊತ್ತು ನೋಡಿ, ಕಾಲ ಬಳಿ ಕೂತು ಹೇಳಿದ. ಅವಳು ಪೂರ್ತಿ ಕೇಳಿದಳು. ಹಾಗಾದ್ರೆ ನಾನಲ್ಲವಾ, ಎಂದು ಮೂರು ಸಲ ಕೇಳಿದಳು. ಅಲ್ಲ ಎಂದು ಮೂರು ಸಲ ಹೇಳಿದ. ಅವಳು ಎದ್ದು ಹೋಗಿ ಕ್ಯಾಲೆಂಡರಿನ ಹಾಳೆಗಳನ್ನು ಸವರಿ, ನನ್ನ ಕೈ ಸುಳ್ಳು ಬರೆದಿರಲಿಲ್ಲ ಎಂದು ಗಟ್ಟಿಯಾಗಿಯೇ ಅತ್ತಳು. ಅವನೂ ಅತ್ತ. ಸಂಜೆ ಎಲ್ಲರೂ ಕೂಡಿ ಕೂತರು, ಮಗ ಮುಖ ಸಿಂಡರಿಸಿಕೊಂಡೇ ಸಿಲಿಂಡರಿನ ಬೀಗ ತೆಗೆದ. ಮರಳಿನ ಮೇಲಿನ ಎಳೆಗಳಲ್ಲಿ ಒಂದು ಬಿಳಿಯ ಬೇರು ಬಿಟ್ಟಿತ್ತು. ಇದಕ್ಕೆ ಬೇಕಾಗಿರುವುದು ಮರೆಯುವವರ ಕೈಯೇ, ನೆನಪಿಟ್ಟುಕೊಂಡು ನೀರು ಹಾಕುವವರದಲ್ಲ ಎಂದು ಸೊಸೆ ಆ ಡಬ್ಬಿಯನ್ನು ಅತ್ತೆಗೇ ಒಪ್ಪಿಸಿದಳು. ಅತ್ತೆ ನಕ್ಕಳು. ಮುಗಿಯಿತು ಎಂದುಕೊಂಡು ನೀರಣ್ಣ ಆ ದಿನ ಹೊಟ್ಟೆ ತುಂಬ ಉಂಡ.

ಮುಗಿದಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ಎದ್ದು ಬರುವ ಹೊತ್ತಿಗೆ ಹೆಂಡತಿ ಸೊಸೆಯ ಮುಂದೆ ನಿಂತು ಕೈ ಹೊಸೆಯುತ್ತ, "ತಪ್ಪಾಯ್ತಮ್ಮ, ನಿಮ್ಮಜ್ಜಿ ಗಿಡ ನಾನೇ ಹಾಳು ಮಾಡಿದೆ," ಎನ್ನುತ್ತಿದ್ದಳು. ನಿನ್ನೆಯ ಮಧ್ಯಾಹ್ನ ಅವಳ ತಲೆಯಲ್ಲಿ ನಿಂತಿರಲಿಲ್ಲ. ಅವನು ಒಪ್ಪಿಕೊಂಡದ್ದು, ತಾನು ಅತ್ತದ್ದು, ಬೀಗ ತೆಗೆದದ್ದು ಎಲ್ಲ ಅಳಿಸಿಹೋಗಿತ್ತು. ಉಳಿದದ್ದು ಅವಳಿಗಾದ ನಾಚಿಕೆ ಮಾತ್ರ. ಡಾಕ್ಟರನ್ನು ಕೇಳಿದರೆ, ಹೀಗಾಗುವುದುಂಟು, ನಡೆದದ್ದು ಮರೆತುಹೋದರೂ ಮನಸ್ಸಿಗೆ ನಾಟಿದ್ದು ಹೋಗುವುದಿಲ್ಲ ಎಂದರು. ಮಾತ್ರೆಯನ್ನು ಮೊದಲಿನಂತೆ ಇಳಿಸಿದರು. ಮಂಕು ಹೋಯಿತು, ನಾಚಿಕೆ ಹೋಗಲಿಲ್ಲ.

ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ ಎಂದ ನೀರಣ್ಣ. ಅವಳು ಒಪ್ಪಲಿಲ್ಲ. ಗೋಡೆಯ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು, ನಿಮ್ಮ ಬಾಯಲ್ಲಿ ಕೇಳಿದರೇ ನನಗೆ ನಂಬಿಕೆ ಎಂದಳು. ಆದ್ದರಿಂದ ಅವನು ಬಾಯಲ್ಲೇ ಹೇಳುತ್ತಾನೆ. ಪ್ರತಿದಿನ ಬೆಳಿಗ್ಗೆ ಅವಳು ಸೊಸೆಯ ಕಡೆ ಹೆಜ್ಜೆ ಹಾಕುವ ಮುಂಚೆ ಅಡ್ಡ ಹೋಗಿ, ನೀನಲ್ಲ, ನಾನು ಎಂದು ಮೊದಲಿನಿಂದ ಹೇಳುತ್ತಾನೆ. ಅವಳಿಗೆ ಅದು ಪ್ರತಿಸಲವೂ ಹೊಸದು. ಕೆಲವು ದಿನ ಬಯ್ಯುತ್ತಾಳೆ. ಕೆಲವು ದಿನ ಗೋಣಿತಾಟಿನ ಭಾಗ ಬಂದಾಗ ನಕ್ಕುಬಿಡುತ್ತಾಳೆ. ಒಂದು ದಿನ ಸಂಜೆಯವರೆಗೆ ಅವನ ಮುಖ ನೋಡಲಿಲ್ಲ. ಕ್ಷಮಿಸಿದ ದಿನಗಳೂ ಇವೆ, ಆದರೆ ಆ ಕ್ಷಮೆ ಮರುದಿನಕ್ಕೆ ಬರುವುದಿಲ್ಲ. ಇದು ಶುರುವಾಗಿ ವರ್ಷವಾಗುತ್ತ ಬಂತು.

ಹೋದ ವಾರ ಒಂದು ಬೆಳಿಗ್ಗೆ ಅವಳು ಬಯ್ಯಲೂ ಇಲ್ಲ, ನಗಲೂ ಇಲ್ಲ. ಪೂರ್ತಿ ಕೇಳಿಸಿಕೊಂಡು, ಅಂಗಿಯನ್ನು ಬೆಳಕಿಗೆ ಹಿಡಿದು ನೋಡುವಂತೆ ಅವನನ್ನು ನೋಡಿದಳು. ಇಷ್ಟು ದಿನದಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಆಗ ನನ್ನ ಹೆಸರು ಯಾಕೆ ಹೇಳಿದ್ರಿ?"

ಸುಳ್ಳು ಹೇಳಬಹುದಿತ್ತು. ಭಯವಾಯಿತು ಎನ್ನಬಹುದಿತ್ತು, ಬಾಯಿ ತಪ್ಪಿ ಬಂತು ಎನ್ನಬಹುದಿತ್ತು. ನಾಳೆಗೆ ಅವಳಿಗೆ ನೆನಪಿರುತ್ತಿರಲಿಲ್ಲ. ನೀರಣ್ಣ ತಲೆ ತಗ್ಗಿಸಿದ.

"ನೀನು ಹೇಗಿದ್ರೂ ಮರೀತೀಯ ಅಂದ್ಕೊಂಡೆ," ಎಂದ.

ಅವನ ಅಂಗಿಯ ತೋಳಿನಿಂದ ಇಣುಕುತ್ತಿದ್ದ ದಾರವೊಂದನ್ನು ಅವಳು ಕಿತ್ತುಹಾಕಿದಳು.

"ಇದೊಂದು ಮರೀಲೇ ಇಲ್ಲವಲ್ರೀ," ಎಂದಳು.